ಕನಕಳ ಬೆನ್ನ ಮೇಲೆ ನನ್ನ ಪಾದ

ಕನಕಳ ಕಾಲು ಕೆಟ್ಟದ್ದು ಮಿಸ್ ಡೊರೀನ್ ಅವರ ಕೈಯಿಂದಲ್ಲ. ನನ್ನ ಪಾದದಿಂದ.

ಬರೆದೆ. ಇಷ್ಟೇ ಇಷ್ಟು ಬರೆಯಲು ಅರ್ಧ ಆಯುಷ್ಯ ಬೇಕಾಯಿತು. ಅಮ್ಮನಿಗೆ ಹೇಳಲಿಲ್ಲ, ಕೈ ಹಿಡಿದವರಿಗೆ ಹೇಳಲಿಲ್ಲ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಮೊಣಕಾಲೂರಿದಾಗ ದೇವರಿಗೂ ನೆಟ್ಟಗೆ ಹೇಳಲಿಲ್ಲ. ತಪ್ಪಾಯಿತು ಎಂದೆ, ಯಾವ ತಪ್ಪು ಎನ್ನುವ ಜಾಗ ಬಂದಾಗ ಸುಮ್ಮನಾದೆ. ದೇವರಿಗೆ ಗೊತ್ತೇ ಇದೆಯಲ್ಲ, ಬಿಡಿಸಿ ಹೇಳುವುದೇಕೆ ಎಂದುಕೊಂಡೆ. ಗೊತ್ತಿರುವವರ ಮುಂದೆ ತಲೆ ತಗ್ಗಿಸುವುದು ಸುಲಭ — ಹೇಳಬೇಕಾಗಿದ್ದದ್ದು ಗೊತ್ತಿಲ್ಲದವರಿಗೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಯಮತ್ತೂರಿನ ಒಂದು ಕಾನ್ವೆಂಟಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದೆ. ನಮ್ಮೂರು ಸಿರುಮುಗೈ, ಭವಾನಿ ಹೊಳೆಯ ದಡ. ಅಪ್ಪನದು ರೇಷ್ಮೆ ಸೀರೆಯ ವ್ಯಾಪಾರ, ನಮ್ಮ ಬೀದಿಯ ಮನೆಮನೆಯಲ್ಲೂ ಮಗ್ಗ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಕಾನ್ವೆಂಟಿನ ಗೇಟು ದಾಟಿದರೆ ಇಂಗ್ಲಿಷ್. ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂದು ನಿಯಮವಿತ್ತು. ಆದರೂ ಪಕ್ಕದ ಮಂಚದ ಹುಡುಗಿ ಮೊದಲ ದಿನವೇ ತನ್ನ ಪೆಟ್ಟಿಗೆಯ ಬೀಗ ತೆಗೆಯಲಾಗದೆ, "ಹಾಳಾದ್ದು, ಬರಮಾಟ್ಟೇನ್ ಅಂತದೆ" ಎಂದು ಗೊಣಗಿದಾಗ ನನ್ನ ಕಿವಿ ನಿಮಿರಿತು. ಅರ್ಧ ನಮ್ಮ ಮಾತು, ಅರ್ಧ ತಮಿಳು — ಥೇಟ್ ನಮ್ಮ ಮನೆಯ ಹಾಗೆ. ಅವಳೇ ಕನಕ. ಕಿಣತ್ತುಕಡವಿನ ತೆಂಗಿನ ತೋಟದವರ ಮಗಳು.

ನಮ್ಮಿಬ್ಬರ ಕನ್ನಡವೂ ಒಂದೇ ಅಲ್ಲ. ಅವಳದು ಬೇಸಾಯದವರ ಕನ್ನಡ, ನನ್ನದು ನೇಯುವವರದು. "ನಿಮ್ ಮಾತು ಲಾಳಿ ಇದ್ದಂಗೆ, ಆಕಡೆಗೊಂದ್ ಈಕಡೆಗೊಂದ್ ಓಡ್ತದೆ" ಎಂದು ಅವಳು ಅಣಕಿಸುತ್ತಿದ್ದಳು. "ನಿಮ್ದು ಎತ್ತು ನಡ್ದಂಗೆ, ಒಂದ್ ಮಾತಾಡಿ ಇನ್ನೊಂದಕ್ಕೆ ಕಾಯ್ಬೇಕು" ಎನ್ನುತ್ತಿದ್ದೆ ನಾನು. ಇಬ್ಬರಿಗೂ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ಮಲಗುವಾಗ ಅವಳ ಕೈ ಮಂಚದಿಂದ ಇಳಿಬಿದ್ದು ನನ್ನ ಚಾದರದ ಅಂಚು ಹಿಡಿದಿರುತ್ತಿತ್ತು. ನಿದ್ದೆಯಲ್ಲಿ ಹಿಡಿಯುತ್ತಿದ್ದಳು; ಬೆಳಿಗ್ಗೆ ಹೇಳಿದರೆ ಒಪ್ಪುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮಿಸ್ ಡೊರೀನ್ ಪೋತ್ತನೂರಿನ ರೈಲ್ವೆ ಕಾಲೊನಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಮಗೆ ಬ್ಯಾಲೆ ಕಲಿಸಲು. ಆಂಗ್ಲೋ-ಇಂಡಿಯನ್ ಹೆಂಗಸು, ಚಿಕ್ಕಂದಿನಲ್ಲಿ ಕಲ್ಕತ್ತದಲ್ಲಿ ಕಲಿತವರಂತೆ. ತೆಳ್ಳಗಿನ ಮೈ, ನರೆತ ಕೂದಲಿನ ಸಣ್ಣ ಗಂಟು, ಬಿಸಿಲಿದ್ದರೂ ತೋಳಿಲ್ಲದ ನೀಲಿ ಸ್ವೆಟರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು. ತಾಯಿಗೂ ಮಗಳಿಗೂ ಕಾನ್ವೆಂಟಿನ ಈ ಕೆಲಸವೇ ಆಧಾರ ಎಂದು ಹಾಸ್ಟೆಲಿನ ಅಡುಗೆಯವರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಬ್ಯಾಲೆ ಎಂದರೆ ನಿಮಗೆ ರೇಷ್ಮೆ ಷೂ, ಗುಲಾಬಿ ಬಣ್ಣದ ಅರಳಿದ ಲಂಗ ಕಣ್ಣಿಗೆ ಬರಬಹುದು. ನಮ್ಮದು ಆ ಥರದ್ದಲ್ಲ. ಇಲಾಸ್ಟಿಕ್ ಹೊಲಿದ ಬಿಳಿ ಕ್ಯಾನ್ವಾಸ್ ಷೂ, ಪಿ.ಟಿ. ಸ್ಕರ್ಟು, ಕೈಯಲ್ಲಿ ಹಿಡಿಯಲು ಊಟದ ಹಾಲ್‌ನ ಕಿಟಕಿ ಸರಳು. ಸಾಂಬಾರಿನ ವಾಸನೆಯ ನಡುವೆ ನಾವು ಹಂಸಗಳಾಗುತ್ತಿದ್ದೆವು.

ಕುಣಿತಕ್ಕಿಂತ ನನಗೆ ಹೆಚ್ಚು ಇಷ್ಟವಾಗಿದ್ದದ್ದು ಕುಣಿತ ಮುಗಿದ ಮೇಲಿನ ಹೊತ್ತು. ಹಾರಿ, ತಿರುಗಿ, ಬೆವರಿದ ಹುಡುಗಿಯರನ್ನು ಮಿಸ್ ಥಟ್ಟನೆ ಕೂರಲು ಬಿಡುತ್ತಿರಲಿಲ್ಲ. ಎದೆಬಡಿತ ತಾನಾಗಿ ಇಳಿಯುವವರೆಗೆ ಹಾಲಿನ ಸುತ್ತ ಮೆಲ್ಲನೆ ನಡೆಸುತ್ತಿದ್ದರು. ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿ ಬೆವರಿದ ಮೈಗೆ ನೇರವಾಗಿ ತಗಲದಂತೆ ಪಡುವಣ ಕಿಟಕಿಗಳನ್ನು ಅರ್ಧ ಮುಚ್ಚಿಸುತ್ತಿದ್ದರು. ಆಮೇಲೆ ಪಟ್ಟೆಪಟ್ಟೆಯ ಜಮಖಾನ ಹಾಸಿ ಮಲಗಿಸುತ್ತಿದ್ದರು. ಮೊಣಕಾಲುಗಳನ್ನು ಎದೆಗೆ ತಂದು ಅಪ್ಪಿಕೊಳ್ಳುವುದು. ಕಾಲೆತ್ತಿ ಹೆಬ್ಬೆರಳಿನಿಂದ ಗಾಳಿಯಲ್ಲಿ ಸಣ್ಣ ಸೊನ್ನೆ ಬರೆಯುವುದು. ಗೋಡೆಗೆ ಅಂಗೈ ಒತ್ತಿ, ಹಿಂದಿನ ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಚಾಚುವುದು. ಕೂತು, ಪಾದದ ತಳಗಳೆರಡನ್ನೂ ಕೂಡಿಸಿ, ಮಂಡಿಗಳನ್ನು ಚಿಟ್ಟೆಯ ರೆಕ್ಕೆಯ ಹಾಗೆ ಇಳಿಬಿಡುವುದು — ಕುಲುಕಬಾರದು, ಬರೀ ಇಳಿಬಿಡಬೇಕು. ಎಲ್ಲದರ ಕೊನೆಗೆ ಕಾಲು ಚಾಚಿ, ಪಾದಕ್ಕೆ ಟವೆಲು ಸುತ್ತಿ ಅದರ ತುದಿಗಳನ್ನು ಹಿಡಿದು, ಕಣ್ಣು ಮುಚ್ಚಿ, ಮುಂದಕ್ಕೆ ಬಾಗುವುದು.

"ಬಸ್ಸು ನಿಲ್ಲೋ ಹಾಗೆ ನಿಲ್ಲಬೇಡಿ ಮಕ್ಕಳೇ, ಉಯ್ಯಾಲೆ ನಿಲ್ಲೋ ಹಾಗೆ ನಿಲ್ಲಿ" ಎಂದು ಇಂಗ್ಲಿಷಿನಲ್ಲಿ ಮೆಲುದನಿಯಲ್ಲಿ ಹೇಳುತ್ತಿದ್ದರು. ಉಸಿರು ಬಿಡುವಾಗ ಕೂದಲೆಳೆಯಷ್ಟು ಬಾಗು; ನೋವೆನಿಸಿದರೆ ಕೂದಲೆಳೆಯಷ್ಟು ಹಿಂದೆ ಬಾ. ಒಬ್ಬರು ಇನ್ನೊಬ್ಬರನ್ನು ಒತ್ತಬಾರದು — ಇದೊಂದನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು. ತಾವೂ ಒತ್ತುತ್ತಿರಲಿಲ್ಲ. ಅಂಗೈಯನ್ನು ಬೆನ್ನ ಮೇಲೆ ಎಲೆಯಷ್ಟು ಹಗುರಾಗಿ ಇಟ್ಟು, ಉಸಿರನ್ನು ಇಲ್ಲಿಗೆ ಕಳಿಸು ಎನ್ನುತ್ತಿದ್ದರು, ಅಷ್ಟೇ.

ನನ್ನ ಮೈ ಸುಲಭವಾಗಿ ಬಾಗುತ್ತಿತ್ತು. ಕನಕ ನಮ್ಮೆಲ್ಲರಿಗಿಂತ ಎತ್ತರ ಹಾರುತ್ತಿದ್ದಳು, ಆದರೆ ಬಾಗಲು ಬಂದರೆ ಹಲಗೆ. "ನಂಗೆ ಮಧ್ಯದಲ್ಲಿ ಕೀಲೇ ಇಲ್ಲ ಲೇ, ದೇವ್ರು ಮರೆತುಬುಟ್ಟವ್ನೆ" ಎನ್ನುತ್ತಿದ್ದಳು.

ಇನ್ನು ನನ್ನ ಪಾದದ ವಿಷಯ ಹೇಳಬೇಕು. ನಗಬೇಡಿ. ಹುಟ್ಟುವಾಗ ನಾನು ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರ ಪಾದಕ್ಕೆ ಉಳುಕು ಬಿಡಿಸುವ ಗುಣ ಇದೆಯೆಂದು ನಮ್ಮ ಕಡೆ ನಂಬಿಕೆ. ಗುಂಡಿಮಗ್ಗದಲ್ಲಿ ಕೂತು ಕೂತು ನೇಕಾರರಿಗೆ ಸೊಂಟ ಹಿಡಿದುಕೊಳ್ಳುವುದು ಇದ್ದದ್ದೇ. ರಜೆಗೆ ನಾನು ಊರಿಗೆ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಜಗುಲಿಯ ಮೇಲೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು.

"ಕಣ್ಣೂ, ಇಲ್ ಬಾ. ಮಾಮಂಗೆ ಸೊಂಟ ಪಿಡಿಚ್ಕೊಂಡದೆ. ಒಂದ್ ಸಲ ತುಳ್ದ್‌ಬುಟ್ಟು ಹೋಗು" ಎಂದು ಅಜ್ಜಿ ಒಳಗಿನಿಂದ ಕರೆಯುತ್ತಿದ್ದಳು.

"ಡಾಕ್ಟರಮ್ಮಾ, ಫೀಸ್ ಎಷ್ಟು?" ಮಲಗಿದ್ದವರು ಕೇಳುವರು.

"ಬಾಳೆಹಣ್ಣು. ಕೊಳ್ತದ್ದಲ್ಲ" ಎನ್ನುತ್ತಿದ್ದೆ ನಾನು.

"ಬಾಯೂ ಕಾಲ್ನಂಗೇ ಮುಂದಾಗೇ ಹುಟ್ಟಿಬಂದದೆ ಇದ್ಕೆ" ಎಂದು ನಗುವರು.

ಬರಿಯ ಪಾದವನ್ನು ಸೊಂಟದ ಮೇಲಿಟ್ಟು, ಕೆಳಮುಖವಾಗಿ ಸವರಿ, ಕೊನೆಗೆ ಸ್ವಲ್ಪ ಒತ್ತಬೇಕು. ಒತ್ತಿದ ಮೇಲೆ ಬಗ್ಗಿ ಅವರ ಬೆನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು — ದೊಡ್ಡವರಿಗೆ ಕಾಲು ತಾಗಿಸಿದ್ದಕ್ಕೆ. ಅವರು ಎದ್ದು ಕೂತು, ಆಚೀಚೆ ತಿರುಗಿ, "ಬಿಟ್ಟೋಯ್ತು ತಾಯೀ" ಎನ್ನುತ್ತಿದ್ದರು. ಬಿಟ್ಟಿತ್ತೋ ಇಲ್ಲವೋ, ಆ ಮಾತು ನನಗೆ ಬೇಕಾಗಿತ್ತು. ಬೀದಿಯಲ್ಲಿ ನಡೆಯುವಾಗ ನನ್ನ ಪಾದಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಕಾನ್ವೆಂಟಿನಲ್ಲಿ ಇದನ್ನು ಒಬ್ಬರಿಗೂ ಹೇಳಿರಲಿಲ್ಲ. ಸಿಸ್ಟರುಗಳು ಮೂಢನಂಬಿಕೆ ಎನ್ನುತ್ತಾರೆ, ಹುಡುಗಿಯರು ನಗುತ್ತಾರೆ. ಕನಕಳಿಗೂ ಹೇಳಿರಲಿಲ್ಲ.

ಆ ವರ್ಷ ವಾರ್ಷಿಕೋತ್ಸವಕ್ಕೆ ಮಿಸ್ ಒಂದು ಸಣ್ಣ ನಾಟ್ಯ ಕಟ್ಟಿದರು. ಒಂದು ದೀಪದ ಕುಡಿ ಹೊತ್ತಿಕೊಂಡು, ಗಾಳಿಯೊಡನೆ ಆಡಿ, ಕೊನೆಗೆ ಆರುವ ಕಥೆ. ದೀಪ ಕನಕ. ಕೊನೆಗೆ ಅವಳು ನೆಲದ ಮೇಲೆ ಕೂತು, ಕಾಲು ಚಾಚಿ, ಹಣೆ ಮೊಣಕಾಲಿಗೆ ತಾಗುವಂತೆ ಬಾಗಬೇಕು. ಅಲ್ಲಿಗೆ ದೀಪ ಆರಿತು. ಬಾಗಲು ಬರುತ್ತಿರಲಿಲ್ಲ. ಮಿಸ್ ಸಮಾಧಾನ ಹೇಳಿದರು, ಎಷ್ಟು ಬರುತ್ತದೋ ಅಷ್ಟಕ್ಕೇ ನಿಲ್ಲು, ದೀಪಕ್ಕೆ ಇನ್ನೂ ಆರಲು ಮನಸ್ಸಿಲ್ಲ ಎಂದು ನೋಡುವವರು ತಿಳಿಯುತ್ತಾರೆ ಎಂದು. ಕನಕ ಒಪ್ಪಲಿಲ್ಲ. ಅವಳ ಅಪ್ಪ ಬರುವವರಿದ್ದರು, ಅತ್ತೆ ಚಿಕ್ಕಮ್ಮಂದಿರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು. ಸ್ನಾನದ ಮನೆಯಲ್ಲಿ, ಮಂಚದ ಮೇಲೆ, ಎಲ್ಲೆಂದರಲ್ಲಿ ಬಾಗಿ ಬಾಗಿ ನೋಡುತ್ತಿದ್ದಳು. ಒಂದು ಸಂಜೆ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಎಲ್ರೆದುರ್ಗೂ ಅರ್ಧಕ್ಕೇ ನಿಂತ್ಬುಟ್ರೆ ಮಾನ ಹೋಯ್ತದೆ ಲೇ."

ಆ ಶನಿವಾರ ಕುಣಿತ ಮುಗಿದು, ನಡಿಗೆ ಮುಗಿದು, ಜಮಖಾನದ ಮೇಲೆ ಎಲ್ಲರೂ ಕೂತಿದ್ದೆವು. ಆಫೀಸಿನಲ್ಲಿ ಫೋನು ಬಂದಿದೆ ಎಂದು ಮಿಸ್‌ಗೆ ಕರೆ ಬಂತು. ಅವರ ತಾಯಿಯ ಬಗ್ಗೆ ಇರಬೇಕು — ಮುಖ ಬಿಳಚಿಕೊಂಡಿತು. ಹೋಗುವ ಮೊದಲು ನನ್ನ ಹತ್ತಿರ ಬಂದು, "ವಿಮಲಾ, ಕೊನೆಯದನ್ನು ನೀನು ಮಾಡಿಸು. ನಿಧಾನ. ಗೊತ್ತಲ್ಲ?" ಎಂದರು. ಗೊತ್ತು ಮಿಸ್ ಎಂದೆ. ಅವರ ದನಿಯಲ್ಲೇ ಹೇಳಲು ತೊಡಗಿದೆ: ಕಣ್ಣು ಮುಚ್ಚಿ. ಉಸಿರು ಬಿಡಿ. ಬಾಗಿ. ಹುಡುಗಿಯರು ಬಾಗಿದರು. ಎಲ್ಲರ ಕಣ್ಣೂ ಮುಚ್ಚಿತ್ತು. ಹಾಲಿನಲ್ಲಿ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮೌನ ನನ್ನ ಮಾತು ಕೇಳುತ್ತಿದೆ ಅನಿಸಿತು.

ಕನಕಳ ಹಿಂದೆ ನಿಂತೆ. ಅವಳ ಹಣೆಗೂ ಮೊಣಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಜಡೆ ಮುಂದಕ್ಕೆ ಜಾರಿತ್ತು. ಕುತ್ತಿಗೆಯ ಹಿಂದೆ ಬೆವರಿನಲ್ಲಿ ಸಣ್ಣ ಕೂದಲು ಅಂಟಿಕೊಂಡಿತ್ತು. ಒಂದು ಗೇಣು, ಅಷ್ಟೇ —

ಬಲಗಾಲಿನ ಷೂ ಕಳಚಿದೆ.

ಹೊಟ್ಟೆಕಿಚ್ಚೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಲ್ಲ. ಆದರೆ ಅದಕ್ಕಿಂತ ಒಳ್ಳೆಯದೂ ಅಲ್ಲ. ಕನಕ ಎದ್ದು ಕೂತು, ಬೆರಗಾಗಿ, "ಬಿಟ್ಟೋಯ್ತು ಲೇ" ಎನ್ನಬೇಕಿತ್ತು ನನಗೆ. ಆಗ ನನ್ನ ಗುಟ್ಟು ಹೇಳುತ್ತಿದ್ದೆ. ಜಗುಲಿಯ ಮೇಲೆ ಮೈ ಸಡಿಲ ಬಿಟ್ಟು ಮಲಗಿದವರ ಬೆನ್ನು ಬೇರೆ, ಎಳೆದು ಬಿಗಿಯಾದ ಹುಡುಗಿಯ ಬೆನ್ನು ಬೇರೆ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಅವರು ಕರೆದಿದ್ದರು, ಇವಳು ಕರೆದಿರಲಿಲ್ಲ ಎಂಬುದೂ ಹೊಳೆಯಲಿಲ್ಲ.

ಪಾದವನ್ನು ಅವಳ ಸೊಂಟದ ಮೇಲಿಟ್ಟೆ. ಸವರಿದೆ. ಒತ್ತಿದೆ.

ಸದ್ದು ಬಂತೋ, ನನ್ನ ಅಂಗಾಲಿಗೇ ತಿಳಿಯಿತೋ ಹೇಳಲಾರೆ. ಮಗ್ಗದಲ್ಲಿ ಎಳೆ ತುಂಡಾದಾಗ ನೇಯುವವರ ಕೈಗೆ ತಿಳಿಯುತ್ತದಲ್ಲ, ಹಾಗೆ. ಕನಕ ಕೂಗಲಿಲ್ಲ. ಒಳಗೆಳೆದುಕೊಂಡ ಉಸಿರು ಹೊರಗೆ ಬರದೆ ನಿಂತಿತು, ಅಷ್ಟೇ. ನಾನು ಕಾಲು ತೆಗೆದು — ಇದನ್ನೂ ಹೇಳಿಬಿಡುತ್ತೇನೆ — ಅಭ್ಯಾಸಬಲದಿಂದ ಬಗ್ಗಿ ಅವಳ ಬೆನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡೆ. ಆಮೇಲೆ ಹೆದರಿಕೆ ಬಂತು. ಹಿಂದೆ ಸರಿದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಬಾಗಿಲು ತೆರೆಯಿತು. ಮಿಸ್ ಬಂದರು, ಕನಕ ಬಾಗಿಕೊಂಡೇ ನಡುಗುತ್ತಿರುವುದನ್ನು ಕಂಡು ಓಡಿಬಂದು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಅಂಗೈ ಇಟ್ಟರು. ಆಗ ಕನಕ ಕಣ್ಣು ತೆರೆದಳು. ಅವಳು ಕಂಡದ್ದು ಮಿಸ್ ಮುಖ. ಬೆನ್ನ ಮೇಲೆ ಇದ್ದದ್ದು ಮಿಸ್ ಕೈ.

"ಯಾಕೆ ಮಿಸ್ ಒತ್ತಿದಿರಿ?" ಎಂದಳು.

ಅಡುಗೆಯವರು ಬಂದು ಅವಳನ್ನು ಬೆಂಚಿನ ಮೇಲೆ ಮಲಗಿಸಿ ಎತ್ತಿಕೊಂಡು ಹೋದರು. ಹುಡುಗಿಯರೆಲ್ಲ ಹಿಂದೆ ಹೋದರು. ಹಾಲಿನಲ್ಲಿ ಮಿಸ್ ಮತ್ತು ನಾನು ಉಳಿದೆವು. ಜಮಖಾನದ ಮೇಲೆ ಕನಕ ಕೂತಿದ್ದ ಜಾಗದ ಹಿಂದೆಯೇ ನನ್ನ ಷೂ ಬಿದ್ದಿತ್ತು. ಮಿಸ್ ಅದನ್ನು ಕೈಗೆತ್ತಿಕೊಂಡರು. ಇಲಾಸ್ಟಿಕ್ ಹರಿದಿದೆಯೇ ಎಂದು ಬೆರಳಿನಿಂದ ಎಳೆದು ನೋಡಿದರು, ಹರಿದಿರಲಿಲ್ಲ. ನನ್ನ ಬರಿಗಾಲನ್ನು ನೋಡಿದರು. ನನ್ನ ಮುಖವನ್ನು ನೋಡಿದರು. ಕಾದರು. ಈಗ ಅನಿಸುತ್ತದೆ, ಹಾಗೆ ಅವರು ಕಾದದ್ದು ತುಂಬಾ ಹೊತ್ತು. ಆಮೇಲೆ ನನ್ನ ಮುಂದೆ ಮಂಡಿಯೂರಿ ಕೂತು, ತಾವೇ ನನ್ನ ಕಾಲಿಗೆ ಷೂ ತೊಡಿಸಿದರು.

"ನೆಲ ತಣ್ಣಗಿದೆ" ಎಂದರು.

ಸೋಮವಾರ ಕನಕಳ ಅಪ್ಪ ಬಂದರು. ಬಿಳಿಯ ವೇಷ್ಟಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಡಾಕ್ಟರ ಚೀಟಿ. ಹೆಡ್‌ಸಿಸ್ಟರ್ ಮಿಸ್ ಅವರನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆಸಿದ್ದರು; ಅಲ್ಲಿ ಕೂರಲು ಹೇಳಿದರೂ ಅವರು ಕೂರಲಿಲ್ಲ. ತೊಡೆಯ ಹಿಂದಿನ ಸ್ನಾಯು ಮೂಳೆಯ ಹತ್ತಿರ ಹರಿದಿದೆಯಂತೆ, ನಡೆಯುತ್ತಾಳಂತೆ, ಇನ್ನು ಹಾರುವಂತಿಲ್ಲವಂತೆ. "ಓದ್ಲಿ ಅಂತ ಬಿಟ್ಟೆ ಸಿಸ್ಟರಮ್ಮಾ. ಕುಣೀಲಿ ಅಂದ್ರಿ, ಅದಕ್ಕೂ ಬಿಟ್ಟೆ" ಎಂದು ತಮಿಳಿನಲ್ಲಿ ಹೇಳಿ, ಟವೆಲಿನಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆಂದು ಹೆದರಿದ್ದ ನನಗೆ ಆ ಮುಖ ಒರೆಸಿದ್ದು ಹೆಚ್ಚು ಹೆದರಿಕೆ ತಂದಿತು.

ಸಿಸ್ಟರ್ ಮಿಸ್ ಕಡೆ ತಿರುಗಿ, "ನೀವು ಒತ್ತಿದಿರಾ?" ಎಂದು ಕೇಳಿದರು.

"ಕೈ ಇಟ್ಟೆ. ಆದರೆ ಆಮೇಲೆ."

"ಯಾವುದರ ಆಮೇಲೆ?"

ಮಿಸ್ ತಮ್ಮ ಅಂಗೈಯನ್ನು ನೋಡಿಕೊಂಡರು. ಸಿಸ್ಟರ್ ನನ್ನತ್ತ ನೋಡಿದರು. "ವಿಮಲಾ, ಮಾಡಿಸುತ್ತಿದ್ದವಳು ನೀನು. ಏನು ನೋಡಿದೆ?"

ಹೇಳಬೇಕೆಂದು ಬಾಯಿ ತೆರೆದೆ, ದೇವರಾಣೆಗೂ ತೆರೆದೆ. ಆದರೆ ಕಾಲಿನಿಂದ ಎಂದು ಹೇಳಬೇಕು. ಆ ಅಪ್ಪನ ಮುಂದೆ, ನಿಮ್ಮ ಮಗಳನ್ನು ಕಾಲಿನಿಂದ ತುಳಿದೆ ಎನ್ನಬೇಕು. ಯಾಕೆ ಎಂದು ಕೇಳಿದರೆ ನಮ್ಮ ಜಗುಲಿ, ಬಾಳೆಹಣ್ಣು, ಅಜ್ಜಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಬೇಕು. ಊರಿಗೆ ಸುದ್ದಿ ಹೋದರೆ — ನನ್ನ ಪಾದದಿಂದ ಒಂದು ಕಾಲು ಹೋಯಿತೆಂದು ಅಜ್ಜಿಗೆ ತಿಳಿದರೆ —

"ನಾನು ನೋಡಲಿಲ್ಲ ಸಿಸ್ಟರ್. ನನ್ನ ಕಣ್ಣೂ ಮುಚ್ಚಿತ್ತು."

ಮಿಸ್ ನನ್ನತ್ತ ತಿರುಗಲಿಲ್ಲ. "ಕೋಣೆ ಬಿಟ್ಟು ಹೋದವಳು ನಾನು. ತಪ್ಪು ನನ್ನದು" ಎಂದರು. ಸಿಸ್ಟರಿಗೆ ಅಷ್ಟು ಸಾಕಾಯಿತು. ನಾಟ್ಯ ನಿಂತಿತು. ಮುಂದಿನ ಶನಿವಾರ ಮಿಸ್ ಬರಲಿಲ್ಲ. ಅದರ ಮುಂದೆಯೂ ಬರಲಿಲ್ಲ. ಊಟದ ಹಾಲಿನ ಕಿಟಕಿಗಳನ್ನು ಅರ್ಧ ಮುಚ್ಚುವವರು ಯಾರೂ ಇರಲಿಲ್ಲ. ಕನಕಳ ಮಂಚಕ್ಕೆ ಬೇರೊಬ್ಬ ಹುಡುಗಿ ಬಂದಳು.

ಪ್ಲಸ್ ಟೂ ಮುಗಿದ ವರ್ಷ ಟೌನ್‌ಹಾಲಿನ ಬಸ್‌ಸ್ಟಾಪಿನಲ್ಲಿ ಮಿಸ್ ಸಿಕ್ಕರು. ಮನೆಯಲ್ಲಿ ಮಕ್ಕಳ ಫ್ರಾಕು ಹೊಲಿದುಕೊಂಡಿದ್ದರಂತೆ. ಕೈಯಲ್ಲಿ ಬಟ್ಟೆಯ ತುಣುಕುಗಳು, ಅವಕ್ಕೆ ಹೊಂದುವ ರಿಬ್ಬನ್ನು ಹುಡುಕುತ್ತಿದ್ದರು. ನೀಲಿ ಸ್ವೆಟರಿನ ಮೊಣಕೈ — ಅಲ್ಲ, ಅದಕ್ಕೆ ತೋಳೇ ಇರಲಿಲ್ಲ, ನಾನು ಬೇರೇನನ್ನೋ ನೆನೆಯುತ್ತಿದ್ದೇನೆ. ಅವರ ಸಂತೋಷ ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಎರಡೂ ಕೈ ಹಿಡಿದುಕೊಂಡರು. ದಿನಾ ಮೈ ಚಾಚುತ್ತೀಯಾ ಎಂದು ಕೇಳಿದರು. ಕನಕ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಆಮೇಲೆ ದನಿ ತಗ್ಗಿಸಿ, "ವಿಮಲಾ, ಅವತ್ತಿನದನ್ನ ಇನ್ನೂ ಹೊತ್ಕೊಂಡಿಲ್ಲ ತಾನೆ?" ಎಂದರು.

ಅವರು ಬಾಗಿಲು ತೆರೆದು ಹಿಡಿದಿದ್ದರು. ನಾನು ಒಳಗೆ ಕಾಲಿಟ್ಟರೆ ಸಾಕಿತ್ತು.

"ಯಾವುದು ಮಿಸ್?" ಎಂದೆ.

ಅವರು ನನ್ನ ಕೆನ್ನೆ ತಟ್ಟಿದರು. ಏನಿಲ್ಲ ಎಂದರು. ಪೋತ್ತನೂರಿನ ಬಸ್ಸು ಬಂತು.

ಆಮೇಲೆ ಅವರನ್ನು ನೋಡಲಿಲ್ಲ. ತೀರಿಕೊಂಡರೆಂಬ ಸುದ್ದಿ ಎಷ್ಟೋ ವರ್ಷ ತಡವಾಗಿ ಬಂತು.

ಇಷ್ಟೇ ಆಗಿದ್ದರೆ ಹೇಡಿ ಹುಡುಗಿಯ ಕಥೆ ಎಂದು ಮುಗಿಸಬಹುದಿತ್ತು. ದೊಡ್ಡವಳಾದ ಮೇಲೂ ಒಂದು ಸಲ ಮಾಡಿದೆ. ದಶಕದ ಕೊನೆಯ ಹೊತ್ತಿಗೆ ನಾನು ಮದುವೆಯಾಗಿ ಮೈಸೂರು ಸೇರಿದ್ದೆ. ಕನಕಳ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕಿಣತ್ತುಕಡವಿಗೆ ಹೋದೆ. ಕನಕ ನೆಲದ ಮೇಲೆ ಕೂರುತ್ತಿರಲಿಲ್ಲ, ಕುರ್ಚಿ ತರಿಸಿಕೊಂಡಿದ್ದಳು. ಅವಳ ಪುಟ್ಟ ಮಗಳು ಅಂಗಳದಲ್ಲಿ ಲಂಗ ಹಿಡಿದು ತುದಿಗಾಲಿನ ಮೇಲೆ ಗಿರಗಿರನೆ ತಿರುಗುತ್ತಿದ್ದಳು.

"ಏ ಕನಕಾ, ನಿನ್ ಮಗ್ಳ ಕಾಲು ನಿಲ್ಲಲ್ಲ. ಯಾರ್ ಹತ್ರಾದ್ರೂ ಕುಣಿತ ಕಲಿಯಕ್ಕೆ ಬಿಡು" ಎಂದಳು ಅವಳ ಅತ್ತೆ.

"ಬೇಡ" ಎಂದಳು ಕನಕ.

"ಯಾಕ್ ಬೇಡ? ಕಾಸ್ ನೀನಾ ಕೊಡೋಳು?"

"ನನ್ ಕಾಲನ್ನ ಒಬ್ಳು ಮಿಸ್ಸು ಒಡ್ದಾಕಿದ್ದು ಸಾಕು. ಹಣೆ ಮೊಣಕಾಲ್ಗೆ ಸೇರ್ಲಿಲ್ಲ ಅಂತ ಒತ್ತೇ ಬುಟ್ಳು, ಪಾವಿ. ನಂಬ್ದಿದ್ರೆ ವಿಮಲನ್ನ ಕೇಳಿ. ಅವ್ಳೂ ಅಲ್ಲೇ ಇದ್ಳು."

ಎಲ್ಲರೂ ನನ್ನತ್ತ ತಿರುಗಿದರು. ಬಾಯಲ್ಲಿ ಪಾಯಸ ಇತ್ತು. ನಾನು ಹೌದು ಎಂದು ತಲೆ ಆಡಿಸಿದೆ.

ಕನಕ ಮಗಳನ್ನು ಕರೆದು ಭುಜ ಹಿಡಿದು ನಿಲ್ಲಿಸಿದಳು. ಮಗು ನಿಂತಿತು.

ಇಲ್ಲಿಯವರೆಗೆ ಬರೆದು ಪೆನ್ನು ಇಟ್ಟೆ. ಮನಸ್ಸು ಹಗುರಾಯಿತು ಅನಿಸಿತು — ಆ ಹಗುರದ ಮೇಲೇ ಅನುಮಾನ ಬಂತು. ನಾನು ಕನ್ನಡ ಅಕ್ಷರ ಕಲಿತದ್ದು ಮೈಸೂರಿಗೆ ಬಂದ ಮೇಲೆ, ಅತ್ತೆಯವರಿಂದ. ಕನಕ ಕಲಿಯಲೇ ಇಲ್ಲ. ಮನೆಯಲ್ಲಿ ದಿನವೆಲ್ಲ ಆಡುವ ಭಾಷೆಯ ಒಂದು ಸಾಲು ಕೂಡ ಅವಳಿಂದ ಓದಲಾಗದು. ಮಿಸ್ ಇದ್ದಿದ್ದರೂ ಅವರಿಗೆ ಓದಲಾಗುತ್ತಿರಲಿಲ್ಲ. ಯಾರಿಗೆ ಹೇಳಬೇಕೋ ಅವರಿಬ್ಬರೂ ಓದಲಾಗದ ಲಿಪಿಯನ್ನು ಆರಿಸಿಕೊಂಡು ನಾನು ನಿವೇದನೆ ಬರೆಯುತ್ತಿದ್ದೆ. ಚಾಪೆಲ್ಲಿನಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೆ.

ಹಾಳೆಗಳನ್ನು ಮಡಿಸಿಟ್ಟು ಕಿಣತ್ತುಕಡವಿಗೆ ಬಸ್ಸು ಹತ್ತಿದೆ.

ಕನಕ ಜಗುಲಿಯ ಪಕ್ಕ ಕುರ್ಚಿಯಲ್ಲಿ ಕೂತು, ಮೊರದಲ್ಲಿ ಕರಿಬೇವು ಬಿಡಿಸುತ್ತಿದ್ದಳು. ಕೂದಲು ನನ್ನಂತೆಯೇ ಬೆಳ್ಳಗಾಗಿತ್ತು. "ಏನ್ಲೇ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ, ನೆಂಟ್ರೂ ಮಳೆನೂ ಒಂದೇ ಅಂತ" ಎಂದು ನಕ್ಕಳು. ಕಾಫಿಗೆ ಒಳಗೆ ಕೂಗಿ ಹೇಳಿದಳು. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ಕುಡಿದ ಮೇಲಾದರೆ ಹೇಳುತ್ತಿರಲಿಲ್ಲವೆಂದು ನನಗೆ ಗೊತ್ತು. ಹಾಸ್ಟೆಲಿನಲ್ಲಿ ಕದ್ದುಮುಚ್ಚಿ ಆಡುತ್ತಿದ್ದ ನಮ್ಮ ಕನ್ನಡದಲ್ಲೇ ಹೇಳಿದೆ: ಷೂ ಕಳಚಿದ್ದು, ಕಾಲಿಟ್ಟದ್ದು, ಒತ್ತಿದ್ದು, ನೋಡಲಿಲ್ಲ ಎಂದದ್ದು, ಇಲ್ಲೇ ಇದೇ ಅಂಗಳದಲ್ಲಿ ತಲೆ ಆಡಿಸಿದ್ದು.

ಅವಳ ಬೆರಳು ನಿಲ್ಲಲಿಲ್ಲ. ಒಂದೊಂದೇ ಕಡ್ಡಿ ತೆಗೆದುಕೊಂಡು ಎಲೆ ಬಿಡಿಸುತ್ತಲೇ ಇದ್ದಳು.

"ಮಿಸ್ಸಿಗೆ ತಿಳಿದಿತ್ತಾ?" ಎಂದಳು ಕೊನೆಗೆ.

"ತಿಳಿದಿತ್ತು."

ಆಗ ಬೆರಳು ನಿಂತಿತು.

"ಅವತ್ತೇ ಹೇಳಿದ್ರೆ ನಿನ್ ಕೂಡ ಒಂದ್ ವಾರ ಮಾತ್ ಬಿಡ್ತಿದ್ದೆ" ಎಂದಳು. "ಅಷ್ಟೇ ಲೇ. ಒಂದ್ ವಾರ. ನೀನಿಲ್ದೆ ನಂಗೆ ನಿದ್ದೆ ಬತ್ತಿತ್ತಾ?"

ನಾನು ಮೊರದಿಂದ ಒಂದು ಕಡ್ಡಿ ಎತ್ತಿಕೊಂಡೆ.

"ಅಪ್ಪ ನನ್ನ ಕಾರಲ್ಲಿ ಕೂರಿಸ್ಕೊಂಡು ಪೋತ್ತನೂರಿಗೆ ಹೋದ್ರು, ನಿಂಗೊತ್ತಿಲ್ಲ. ಅವ್ರ ಬಾಗ್ಲಲ್ಲಿ ನಿಂತು ಬೈದ್ರು. ಬೀದಿ ಜನ ಎಲ್ಲ ಸೇರ್ಕೊಂಡ್ರು. ಮಿಸ್ಸು ತಿರುಗಿ ಒಂದ್ ಮಾತ್ ಆಡ್ಲಿಲ್ಲ. ಕಾರ್ ಹತ್ರ ಬಂದು, ಕಿಟ್ಕಿಲಿ ಬಗ್ಗಿ, ನೋವು ಹೆಂಗದೆ ಕನಕಾ ಅಂತ ಕೇಳ್ತು." ಮೊರದ ಅಂಚು ಹಿಡಿದುಕೊಂಡಳು. "ನಾನ್ ಮೊಖ ತಿರುಗಿಸ್ಕೊಂಡೆ."

ಮೊರವನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟಳು.

"ಇಷ್ಟ್ ವರ್ಷ ಅದು ಸರಿ ಅಂತ್ಲೇ ಇದ್ದೆ. ಈಗ ಅದನ್ನ ಎಲ್ಲಿಗೆ ಹೊತ್ಕೊಂಡ್ ಹೋಗ್ಲಿ, ಹೇಳು."

ಕ್ಷಮಿಸು ಎನ್ನುವ ಮಾತು ಗಂಟಲವರೆಗೂ ಬಂದಿತ್ತು. ಅದನ್ನು ಹೇಳಿದರೆ ನನಗೇನನ್ನೋ ಕೊಡು ಎಂದು ಅವಳನ್ನೇ ಕೇಳಿದ ಹಾಗಾಗುತ್ತಿತ್ತು. ನುಂಗಿಕೊಂಡೆ.

ಒಳಗಿನಿಂದ ಲೋಟಗಳ ಸದ್ದು ಕೇಳಿಸಿತು. ಅವಳ ಮಗಳು, ರಜೆಗೆ ತವರಿಗೆ ಬಂದವಳು, ಕಾಫಿ ಬೆರೆಸುತ್ತಿದ್ದಳು. ಕನಕ ಆ ಕಡೆಗೊಮ್ಮೆ ನೋಡಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು:

"ಅವ್ಳಿಗೂ ಹೇಳು. ಕುಣಿತ ಕಲೀತೀನಿ ಅಂತ ಅವ್ಳು ಕೇಳಿ ಕೇಳಿ ಅತ್ತವ್ಳೆ, ನಾನ್ ಬೇಡ ಅಂದೆ. ನಾನ್ ಹೇಳಲ್ಲ. ನೀನೇ ಹೋಗ್ ಹೇಳು."

ನಾನು ಎದ್ದು ಅಡುಗೆಮನೆಗೆ ಹೋದೆ.